ರೈಲು ಬಿಟ್ಟ ದಾರಿ, ಮನೆಮಂದಿಯ ಸೈಕಲ್

ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಒಂದು ಸೈಕಲ್ ಎರಡು ವರ್ಷದಿಂದ ನಿಂತೇ ಇತ್ತು. ದುಬೈಯಲ್ಲಿರುವ ಮಾವ, ಮಗಳಿಗೆ ಹತ್ತು ತುಂಬಿದಾಗ ದುಡ್ಡು ಕಳಿಸಿ ಕೊಡಿಸಿದ್ದು. ಗೇಟು ದಾಟಿದರೆ ಆಟೋ, ಟೆಂಪೋ, ಬೈಕ್. ಕಲಿಸುವುದಾದರೂ ಎಲ್ಲಿ? "ಮುಂದಿನ ವಾರ ನೋಡೋಣ" ಎಂದು ನಾನು ತಳ್ಳುತ್ತಾ ಬಂದೆ.

ಕಳೆದ ರಜೆಯಲ್ಲಿ ಮಗಳೇ ಬಂದು ಹೇಳಿದಳು: "ಉಪ್ಪಾ, ಆ ಸೈಕಲ್ ತಮ್ಮನಿಗೆ ಕೊಟ್ಟುಬಿಡಿ. ನಾನಿನ್ನು ದೊಡ್ಡವಳಾದೆ. ಈಗ ಬೀದಿಯಲ್ಲಿ ಬೀಳ್ತಾ ಏಳ್ತಾ ಕಲಿಯೋಕೆ ನಾಚಿಕೆ ಆಗ್ತದೆ."

ಹನ್ನೆರಡು ವರ್ಷದ ಹುಡುಗಿ. ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾವು ಮುಂದೂಡಿದ್ದೇ ಬೇಡ ಎಂದಂತೆ ಆಗಿತ್ತು.

ಅಡುಗೆ ಮನೆಯಿಂದ ಹೆಂಡತಿಯ ಮಾತು ಬಂತು: "ನನ್ನದೂ ಹೀಗೇ ಆದದ್ದು. ವಿಟ್ಲದಲ್ಲಿ ಅಣ್ಣಂದಿರು ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು ಕಲಿತರು. ನನ್ನ ಸರದಿ ಬರುವಾಗ, ಇನ್ನು ಇವಳಿಗೆ ಯಾಕೆ ಅಂತ ಆಯ್ತು."

ಆ ದಿನ ರಾತ್ರಿ ಕೂತು ಯೋಚಿಸಿದೆ. ಮಕ್ಕಳು, ಹೆಂಗಸರು, ವಯಸ್ಸಾದವರು, ಎಲ್ಲರೂ ಒಟ್ಟಿಗೆ ಹೆದರಿಕೆಯಿಲ್ಲದೆ ಸೈಕಲ್ ತುಳಿಯುವ ಜಾಗ ಎಂಬುದು ಎಲ್ಲಿಯಾದರೂ ಉಂಟಾ? ಉಂಟು. ಹೊರದೇಶಗಳಲ್ಲಿ ಇಂಥ ಜಾಗ ತುಂಬಾ ಕಡೆ ಸಿಕ್ಕಿರುವುದು ರೈಲು ಓಡುವುದನ್ನು ನಿಲ್ಲಿಸಿದ ದಾರಿಗಳಲ್ಲಿ.

ರೈಲು ಹೋದ ಮೇಲೆ ಉಳಿಯುವುದು

ರೈಲು ದಾರಿಗೂ ಬಸ್ಸಿನ ರಸ್ತೆಗೂ ದೊಡ್ಡ ವ್ಯತ್ಯಾಸ ಇರುವುದು ಏರಿನಲ್ಲಿ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆ. ಆದ್ದರಿಂದ ಸಾವಿರಾರು ಟನ್ ಎಳೆಯುವ ಇಂಜಿನಿಗೂ ಕಡಿದಾದ ಏರು ಹತ್ತಲು ಆಗುವುದಿಲ್ಲ. ಅದಕ್ಕೇ ರೈಲ್ವೆಯವರು ಗುಡ್ಡ ಕಡಿದು, ತಗ್ಗಿಗೆ ಮಣ್ಣು ತುಂಬಿಸಿ, ಹಳ್ಳಕ್ಕೆ ಸೇತುವೆ ಕಟ್ಟಿ, ದಾರಿಯನ್ನು ಆದಷ್ಟು ಸಮ ಮಾಡುತ್ತಾರೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಯ ಏರೇ 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಏರುವುದು ಒಂದೇ ಮೀಟರ್. ರೈಲಿನ ಲೆಕ್ಕದಲ್ಲಿ ಇದು ಭಾರೀ ಕಡಿದು. ಸೈಕಲ್ ತುಳಿಯುವ ಎಂಟು ವರ್ಷದ ಮಗುವಿಗೆ ಸೀಟಿನಿಂದ ಏಳದೆ ಹತ್ತಬಹುದಾದ ಏರು.

ಹಳಿ ತೆಗೆದ ಮೇಲೆ ಉಳಿಯುವುದು ಇಂಥ ಗಟ್ಟಿ, ಸಮನಾದ ದಾರಿ. ಕಾರು ಬರುವುದಿಲ್ಲ, ಬೈಕ್ ಬರುವುದಿಲ್ಲ. ದೊಡ್ಡ ರಸ್ತೆ ಅಡ್ಡ ಬಂದ ಕಡೆಗಳಲ್ಲಿ ಹೆಚ್ಚಾಗಿ ಮೊದಲೇ ಸೇತುವೆ ಇರುತ್ತದೆ. ಕೆಲವು ಕಿ.ಮೀ.ಗೊಂದು ಹಳೇ ಸ್ಟೇಷನ್. ಕೂತು ಚಾ ಕುಡಿಯಲು, ನೀರು ತುಂಬಿಸಲು ಅದೇ ಸಾಕು.

ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ಪಟ್ಟಣಗಳ ನಡುವಿನ ದಾರಿ ಇದಕ್ಕೆ ಹೆಸರುವಾಸಿ. 1960ರ ದಶಕದಲ್ಲಿ ಅಲ್ಲಿ ಪ್ಯಾಸೆಂಜರ್ ರೈಲು ನಿಂತಿತು. 1979ರಲ್ಲಿ ಊರಿನ ಸ್ವಯಂಸೇವಕರು ಸಲಿಕೆ ಹಿಡಿದು ಜಲ್ಲಿ ಸರಿಮಾಡಲು ಇಳಿದರು. 1986ರ ಹೊತ್ತಿಗೆ ಪೂರ್ತಿ 13 ಮೈಲು, ಅಂದರೆ ಸುಮಾರು 21 ಕಿ.ಮೀ. ದಾರಿ ಸಿದ್ಧವಾಯಿತು. ಅದರಲ್ಲಿ ಒಂದು ಸುರಂಗವೂ ಇದೆ, ಒಳಗೆ ಲೈಟ್ ಹಾಕಿದ್ದಾರೆ. ಸ್ಪೇನ್ ದೇಶ 1993ರಿಂದ ಇದನ್ನೇ ಒಂದು ಯೋಜನೆ ಮಾಡಿಕೊಂಡು 3,000 ಕಿ.ಮೀ.ಗೂ ಹೆಚ್ಚು ಹಳೇ ರೈಲು ದಾರಿಯನ್ನು ನಡೆಯುವವರಿಗೆ, ಸೈಕಲಿನವರಿಗೆ ಬಿಟ್ಟಿದೆ. ನ್ಯೂಝಿಲ್ಯಾಂಡಿನಲ್ಲಿ ಒಟಾಗೋ ಎಂಬ ಕಡೆ 2000ನೇ ಇಸವಿಯಲ್ಲಿ ತೆರೆದ ಸುಮಾರು 150 ಕಿ.ಮೀ. ದಾರಿಯಿಂದ, ರೈಲು ನಿಂತು ಬಡವಾಗಿದ್ದ ಹಳ್ಳಿಗಳಿಗೆ ಮತ್ತೆ ವ್ಯಾಪಾರ ಬಂತು. ಸೈಕಲಿನಲ್ಲಿ ಬಂದವರಿಗೆ ಊಟ ಬೇಕು, ಮಲಗಲು ಜಾಗ ಬೇಕು ತಾನೆ?

ನಮ್ಮವರಿಗೆ ಹತ್ತಿರದ ಇನ್ನೊಂದು ಉದಾಹರಣೆ ಹೇಳಬೇಕು. ಹಜ್, ಉಮ್ರಾಗೆ ಹೋದವರು ಮದೀನಾದಲ್ಲಿ ಹಿಜಾಝ್ ರೈಲ್ವೆಯ ಕಲ್ಲಿನ ನಿಲ್ದಾಣವನ್ನು ಕಂಡಿರಬಹುದು. ಡಮಾಸ್ಕಸ್‌ನಿಂದ ಹೊರಟ ಆ ರೈಲು 1908ರಲ್ಲಿ ಮದೀನಾ ತಲುಪಿತ್ತು. ಮೊದಲ ಮಹಾಯುದ್ಧದಲ್ಲಿ ಆ ದಾರಿ ಹಾಳಾಯಿತು, ಮುಂದೆ ಆ ಕಡೆಗೆ ರೈಲು ನಿಂತೇ ಹೋಯಿತು. ನಿಲ್ದಾಣ ಈಗ ಮ್ಯೂಸಿಯಂ. ರೈಲು ನಿಂತ ಜಾಗವನ್ನು ಹಾಳು ಬಿಡಲೇಬೇಕೆಂದಿಲ್ಲ.

ನಮ್ಮದೇ ಹತ್ತು ವರ್ಷ

ಕರಾವಳಿಯವರಾದ ನಮಗೆ ರೈಲು ನಿಂತ ದಾರಿ ಎಂದರೆ ಬರೀ ಚಂದದ ಸಂಗತಿ ಅಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ಪೂರ್ತಿಯಾಗಿತ್ತು. ನನ್ನ ಉಪ್ಪ ಬೆಂಗಳೂರಿನ ಕಲಾಸಿಪಾಳ್ಯದ ಹತ್ತಿರ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ತಿಂಗಳಿಗೊಮ್ಮೆ ಆ ರೈಲಿನಲ್ಲಿ ಕಬಕ ಪುತ್ತೂರಿಗೆ ಬಂದು ಇಳಿಯುತ್ತಿದ್ದರು. ಕೈಯಲ್ಲಿ ಒಂದು ಚೀಲ ಬೆಂಗಳೂರು ಬದನೆ, ಒಂದು ಪೊಟ್ಟಣ ಬೇಕರಿ ಖಾರ.

1996ರಲ್ಲಿ ಬ್ರಾಡ್‌ಗೇಜ್ ಮಾಡುವುದಕ್ಕೆಂದು ಘಟ್ಟದ ರೈಲು ನಿಲ್ಲಿಸಿದರು. ಉಪ್ಪ ಶಿರಾಡಿಯಲ್ಲಿ ಬಸ್ಸು ಹತ್ತಿ ಇಳಿಯಲು ಶುರು ಮಾಡಿದರು. ಮಳೆಗಾಲದಲ್ಲಿ ರಸ್ತೆ ಕುಸಿದರೆ ಬರುವುದೇ ಇಲ್ಲ. ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ ರೈಲು 2007ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಉಪ್ಪ ಕೆಲಸ ಬಿಟ್ಟು ಊರಿಗೆ ಬಂದಾಗಿತ್ತು.

ಅದೇ ಹತ್ತು ವರ್ಷ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ ಇರುವ ಆ ದಾರಿ ಚಾರಣದವರಿಗೆ 'ಹಸಿರು ದಾರಿ' ಎಂದು ಹೆಸರಾಯಿತು. ದೋಣಿಗಲ್ಲಿನಿಂದ ಎಡಕುಮೇರಿ ಕಡೆಗೆ ಕಾಲೇಜು ಹುಡುಗರು ಗುಂಪು ಗುಂಪಾಗಿ ನಡೆದರು. ನಾನೂ ಒಮ್ಮೆ ನಡೆದಿದ್ದೇನೆ. ಬ್ಯಾಟರಿ ಹಿಡಿದು ಸುರಂಗ ದಾಟುವಾಗ ತಲೆ ಮೇಲೆ ನೀರು ಹನಿಯುತ್ತಿತ್ತು, ಬಾವಲಿ ಹಾರುತ್ತಿತ್ತು. ಆದರೆ ಅದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ದಾರಿ ಆಗಿರಲಿಲ್ಲ. ಸ್ಲೀಪರ್, ಜಲ್ಲಿ ಹಾಗೇ ಇತ್ತು. ಸೇತುವೆಗಳ ಮೇಲೆ ಸ್ಲೀಪರ್ ನಡುವಿನ ಸಂದಿಯಲ್ಲಿ ಕೆಳಗಿನ ಹಳ್ಳ ಕಾಣುತ್ತಿತ್ತು. ಬಿಟ್ಟುಹೋದ ದಾರಿ ತನ್ನಷ್ಟಕ್ಕೆ ಮಕ್ಕಳ ದಾರಿ ಆಗುವುದಿಲ್ಲ, ಯಾರಾದರೂ ಕೂತು ಮಾಡಬೇಕು.

ಈಗ ಅಲ್ಲಿ ರೈಲು ಓಡುತ್ತದೆ. ಓಡಲೇಬೇಕು, ನಮಗೆ ಬೇಕಾದದ್ದೂ ಅದೇ. ಆದರೂ ಈಚೆಗೂ ಕೆಲವರು ಮೊಬೈಲು ಹಿಡಿದು ಆ ಹಳಿಯ ಮೇಲೆ ನಡೆಯಲು ಹೋಗುತ್ತಾರೆ. ದಯವಿಟ್ಟು ಬೇಡ. ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗ ಹುಡುಕುವಷ್ಟು ಹೊತ್ತು ಇರುವುದಿಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ಇದಕ್ಕೆ ಜೈಲು, ದಂಡ ಎರಡಕ್ಕೂ ಅವಕಾಶ ಇದೆ.

ಬೆಂಗಳೂರಿನಲ್ಲಿ ಏನುಂಟು?

ಹಳೇ ಬೆಂಗಳೂರಿನ ಬಡಾವಣೆಗಳನ್ನು ಹಾಕಿದ್ದು ನಡೆದು ಹೋಗುವ ಜನರಿಗಾಗಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂ ಮೂರೂ 1890ರ ದಶಕದವು. ನೇರ ಅಡ್ಡರಸ್ತೆ, ಎರಡೂ ಕಡೆ ಮರ. ಸೈಕಲಿಗೆ ಹೇಳಿ ಮಾಡಿಸಿದ ಹಾಗೆ. ಈಗ ಆ ಮರದ ಕೆಳಗೆಲ್ಲ ಕಾರು ನಿಂತಿದೆ. ನಮ್ಮ ಈದ್ಗಾ ಮೈದಾನದಲ್ಲಿ ರವಿವಾರ ಕ್ರಿಕೆಟ್ ಹುಡುಗರದೇ ರಾಜ್ಯ. ಚೆಂಡು ತಪ್ಪಿಸಿಕೊಂಡು ಸೈಕಲ್ ಕಲಿಯಬೇಕು. ಮಲ್ಲೇಶ್ವರಂ ಸ್ಟೇಷನ್ನಿನ ದಕ್ಷಿಣಕ್ಕೆ ಕುಮಾರ ಪಾರ್ಕ್ ಪಶ್ಚಿಮದಲ್ಲಿ ಹಳಿಯ ಪಕ್ಕದಲ್ಲೇ ಹೋಗುವ ರೈಲ್ವೆ ಪ್ಯಾರಲಲ್ ರೋಡ್ ಇದೆ. ಬೆಳಗ್ಗೆ ಬೇಗ ಹೋದರೆ ಪರವಾಗಿಲ್ಲ. ಎಂಟು ಗಂಟೆ ದಾಟಿತೋ, ಕಲಿಯುವವರಿಗೆ ಅದಲ್ಲ.

ಕೊನೆಗೆ ನಮಗೆ ಒದಗಿದ್ದು ಕಬ್ಬನ್ ಪಾರ್ಕ್. ರವಿವಾರ ಅದರ ಒಳರಸ್ತೆಗಳಿಗೆ ಮೋಟಾರು ವಾಹನ ಬಿಡುವುದಿಲ್ಲ. ಅಗಲ ರಸ್ತೆ, ನೆರಳು, ಸಮನಾದ ನೆಲ. ರೈಲು ದಾರಿಯ ಗುಣವೆಲ್ಲ ಅಲ್ಲಿ ವಾರಕ್ಕೊಂದು ದಿನ ಸಿಗುತ್ತದೆ. ಸುಬ್‌ಹಿ ನಮಾಝ್ ಮುಗಿಸಿ ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಆರೂವರೆಗೆ ಅಲ್ಲಿದ್ದೆವು. ಮಗಳು ಮೊದಲ ದಿನ ಮುಖ ಕೊಡಲಿಲ್ಲ. ಆಮೇಲೆ ನೋಡಿದರೆ ಐವತ್ತು ದಾಟಿದ ಒಬ್ಬ ಹೆಂಗಸು ಮಗನ ಕೈ ಹಿಡಿದು ಕಲಿಯುತ್ತಿದ್ದರು. ಅವರು ಬಿದ್ದರು, ನಕ್ಕರು, ಎದ್ದರು. ಮಗಳು ಅದನ್ನು ನೋಡುತ್ತಾ ನಿಂತಳು. ನಂತರ ಸೈಕಲ್ ಕೇಳಿ ತೆಗೆದುಕೊಂಡಳು.

ಕಲಿಸುವ ಕ್ರಮ

ನಾವು ಚಿಕ್ಕಂದಿನಲ್ಲಿ ಕಲಿತ ಕ್ರಮ ಎಂದರೆ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುವುದು, ಹೇಳದೆ ಕೈ ಬಿಡುವುದು. ಮೊಣಕಾಲಿನ ಗುರುತು ಈಗಲೂ ಇದೆ. ಅದಕ್ಕಿಂತ ಒಳ್ಳೆಯ ಕ್ರಮ ಇದೆ. ಸೈಕಲ್ ಶಾಪಿನವರಿಂದ ಎರಡೂ ಪೆಡಲ್ ಬಿಚ್ಚಿಸಿ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿ. ಕಾಲಲ್ಲಿ ನೆಲ ದೂಡುತ್ತಾ ಹೋಗಲಿ. ಬ್ಯಾಲೆನ್ಸ್ ಬಂದು, ಕಾಲು ಎತ್ತಿ ಹತ್ತು ಹದಿನೈದು ಅಡಿ ತೇಲಿಕೊಂಡು ಹೋದರೆ ಅರ್ಧ ಕಲಿತ ಹಾಗೆ. ಆಮೇಲೆ ಪೆಡಲ್ ಹಾಕಿ. ಬ್ರೇಕ್ ಹಿಡಿಯುವುದನ್ನು ತುಳಿಯುವುದಕ್ಕಿಂತ ಮೊದಲು ಕಲಿಸಿ. ಮಗ ಒಂದು ರವಿವಾರದಲ್ಲಿ ಕಲಿತ, ಮಗಳು ಎರಡರಲ್ಲಿ. ಹೆಂಡತಿಗೆ ನಾಲ್ಕು ಬೇಕಾಯಿತು.

ಹೌದು, ಹೆಂಡತಿಯೂ ಕಲಿತಳು. ಮೂವತ್ತಾರು ವರ್ಷ. "ನೀವು ಹಿಡ್ಕೊಳ್ಳಿ, ಬಿಡ್ಬೇಡಿ" ಎಂದು ಇಡೀ ಪಾರ್ಕಿಗೆ ಕೇಳುವ ಹಾಗೆ ಹೇಳುತ್ತಿದ್ದಳು.

ಬುರ್ಖಾ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಕೆಲವು ಮಾತು. ನಡುವಿನ ಅಡ್ಡ ರಾಡ್ ಇಲ್ಲದ ಲೇಡೀಸ್ ಸೈಕಲ್ ಆಗಬೇಕು. ಚೈನಿಗೆ ಪೂರ್ತಿ ಮುಚ್ಚುವ ಕವರ್ ಇರಬೇಕು. ಹಿಂದಿನ ಚಕ್ರದ ಎರಡೂ ಬದಿಗೆ ಬಟ್ಟೆ ಕಡ್ಡಿಗೆ ಸಿಗದ ಹಾಗೆ ಸೀರೆ ಗಾರ್ಡ್ ಹಾಕಿಸಬೇಕು. ಕೆಳಗೆ ಪ್ಯಾಂಟ್ ಇರಲಿ. ಬುರ್ಖಾದ ಅಂಚು ಉದ್ದವಾದರೆ ಪಾದದ ಮೇಲಕ್ಕೆ ಬರುವಷ್ಟು ಮಡಚಿ ಹೊಲಿಯಿರಿ. ಶಾಲಿನ ತುದಿ ಒಳಗೆ ಸೇರಿಸಿ ಪಿನ್ ಹಾಕಿ. ಹೆಂಡತಿ ಮೊದಲನೇ ದಿನ ಬಿದ್ದದ್ದು ಬ್ಯಾಲೆನ್ಸ್ ತಪ್ಪಿ ಅಲ್ಲ, ಬಟ್ಟೆ ಚೈನಿಗೆ ಸಿಕ್ಕಿ. ಕವರ್ ಹಾಕಿಸಿದ ಮೇಲೆ ಅದು ಆಗಲಿಲ್ಲ.

ಮಕ್ಕಳ ಸೈಕಲ್ ತೆಗೆದುಕೊಳ್ಳುವಾಗ "ಬೆಳೆಯುತ್ತಾನೆ ಬಿಡಿ" ಎಂದು ದೊಡ್ಡದು ತರಬೇಡಿ. ಏಳೆಂಟು ವರ್ಷಕ್ಕೆ 20 ಇಂಚಿನ ಚಕ್ರ, ಹನ್ನೊಂದು ಹನ್ನೆರಡಕ್ಕೆ 24 ಸಾಕು. ಕಾಲು ನೆಲಕ್ಕೆ ಎಟುಕದ ಸೈಕಲ್ಲೇ ಮಕ್ಕಳಿಗೆ ಹೆದರಿಕೆ ಹುಟ್ಟಿಸುವುದು. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಬೇಕು. ಸ್ಕಾರ್ಫ್ ದಪ್ಪ ಇದ್ದರೆ ಅದನ್ನು ಕಟ್ಟಿಕೊಂಡೇ ಅಳತೆ ನೋಡಿ.

ಸರಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹುಡುಗಿಯರು ಸೈಕಲಿನಲ್ಲಿ ಶಾಲೆಗೆ ಹೋದರು. ಹಳ್ಳಿಯ ಹುಡುಗಿಗೆ ಸಿಕ್ಕ ಆ ಧೈರ್ಯ ನಗರಕ್ಕೆ ಬಂದ ನಮ್ಮ ಮಕ್ಕಳಿಗೆ ಸಿಗದೆ ಹೋದದ್ದು ರಸ್ತೆಯ ದೋಷ, ಅವರ ದೋಷವಲ್ಲ.

ನಂದಿ ಹಾಲ್ಟಿನ ಬೆಳಗು

ಐದನೇ ವಾರ ಹಳ್ಳಿ ಕಡೆ ಹೋಗೋಣ ಎಂದಾಯಿತು. ಯಲಹಂಕದಿಂದ ದೇವನಹಳ್ಳಿ, ನಂದಿ ಮೇಲಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ಸುಮಾರು ನೂರು ವರ್ಷ ಹಳೆಯದು. ಮೊದಲು ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಇತ್ತು. ಈಗ ಬ್ರಾಡ್‌ಗೇಜ್ ರೈಲು ಓಡುತ್ತದೆ. ಏರ್‌ಪೋರ್ಟಿನ ಹತ್ತಿರ 2021ರಲ್ಲಿ ಹೊಸ ಹಾಲ್ಟ್ ಕೂಡಾ ಆಗಿದೆ. ಆದ್ದರಿಂದ ಅದು ಬಿಟ್ಟುಹೋದ ದಾರಿ ಅಲ್ಲ, ಹಳಿಯ ಮೇಲೆ ಹೋಗುವ ಮಾತೂ ಇಲ್ಲ. ಆದರೆ ರೈಲು ಸಮನಾದ ನೆಲ ಹುಡುಕಿಕೊಂಡು ಹೋದ ಕಡೆ ಅಕ್ಕಪಕ್ಕದ ಹಳ್ಳಿ ರಸ್ತೆಗಳೂ ಹೆಚ್ಚು ಏರಿಳಿತ ಇಲ್ಲದೆ ಸಾಗುತ್ತವೆ. ಸೈಕಲಿನ ಸಂಸಾರಕ್ಕೆ ಅಷ್ಟೇ ಬೇಕಾದದ್ದು.

ಭಾವನ ಕಾರಿನಲ್ಲಿ ನಾವು, ಲಗೇಜ್ ಆಟೋದಲ್ಲಿ ಸೈಕಲ್ಲುಗಳು. ಊರಿನಿಂದ ಬಂದಿದ್ದ ನನ್ನ ಉಮ್ಮನನ್ನೂ ಕರೆದುಕೊಂಡು ಹೋದೆವು. ದಾರಿಯಲ್ಲಿ ಟಿಪ್ಪು ಸುಲ್ತಾನ್ ಹುಟ್ಟಿದ ಊರು ದೇವನಹಳ್ಳಿ. ರಸ್ತೆ ಬದಿಯಲ್ಲಿ ಆ ಊರಿನ ಹೆಸರಾಂತ ಚಕ್ಕೋತ ಹಣ್ಣು ಕೊಂಡೆವು. ನಂದಿ ಹಾಲ್ಟಿನ ಹಳೇ ನಿಲ್ದಾಣದ ಕಲ್ಲು ಗೋಡೆ, ಹಂಚಿನ ಮಾಡು ನೋಡಿ ಉಮ್ಮ, "ನಮ್ಮ ಕಡೆಯ ಸ್ಟೇಷನ್ ಇದ್ದ ಹಾಗೇ ಉಂಟಲ್ಲ" ಅಂದರು.

ಅಲ್ಲಿಂದ ಹಳ್ಳಿ ರಸ್ತೆಯಲ್ಲಿ ಹೋಗಿ ಬಂದದ್ದು ಒಟ್ಟು ಆರು ಕಿ.ಮೀ. ಎರಡೂ ಕಡೆ ದ್ರಾಕ್ಷಿ ತೋಟ, ಹೂವಿನ ಹೊಲ. ಮುಂದೆ ನಂದಿ ಬೆಟ್ಟ. ಬೆಟ್ಟದ ರಸ್ತೆ ಹತ್ತುವುದು ಅಭ್ಯಾಸ ಇದ್ದವರ ಕೆಲಸ, ಕಲಿಯುವವರಿಗೆ ಬೆಟ್ಟದ ಬುಡವೇ ಸಾಕು. ಮಗ ಮುಂದೆ, ಮಗಳು ಅವನ ಹಿಂದೆ, ಹೆಂಡತಿ ನಡುವೆ, ಕೊನೆಗೆ ನಾನು. ನಿಧಾನಿಗಳು ನಡುವೆ, ರೂಢಿ ಇರುವ ದೊಡ್ಡವರು ಹಿಂದೆ, ಇದು ಮನೆಮಂದಿ ಹೋಗುವಾಗ ನೆನಪಿಡಬೇಕಾದ ಲೆಕ್ಕ. ಟ್ರ್ಯಾಕ್ಟರ್ ಬಂದಾಗ ಇಳಿದು ನಿಂತೆವು. ಹತ್ತು ಗಂಟೆಗೆ ಬಿಸಿಲೇರುವ ಮುಂಚೆ ವಾಪಸು. ಮರದ ನೆರಳಿನಲ್ಲಿ ಉಮ್ಮ ಬುತ್ತಿ ಬಿಚ್ಚಿ ಪತ್ತಿರಿ, ಕೋಳಿ ಸಾರು ಬಡಿಸಿದರು.

ಊಟ ಮುಗಿಸಿ ಕೈ ತೊಳೆಯುವಾಗ ಉಮ್ಮ ಸೊಸೆಯ ಸೈಕಲಿನ ಹ್ಯಾಂಡಲ್ ಹಿಡಿದು ನೋಡಿದರು. ಬೆಲ್ ಬಾರಿಸಿದರು. "ನಿನ್ನ ಉಪ್ಪ ಸ್ಟೇಷನ್ನಿಂದ ಮನೆಗೆ ನಡೆದು ಬರುವಾಗ ಒಂದು ಸೈಕಲ್ ಇದ್ದಿದ್ದರೆ ಅಂತ ಹೇಳ್ತಿದ್ರು" ಅಂದರು. ಇಷ್ಟು ವರ್ಷದಲ್ಲಿ ನನಗೆ ಗೊತ್ತಿರದ ಮಾತು.

ಕೇಳಬೇಕಾದದ್ದು

ಮುಂದಿನ ದಿನಗಳಲ್ಲಿ ಹಳಿ ಡಬಲ್ ಆಗುವಾಗ, ತಿರುವು ನೇರ ಮಾಡುವಾಗ ನಮ್ಮಲ್ಲೂ ಅಲ್ಲಲ್ಲಿ ಹಳೇ ದಾರಿಯ ತುಂಡುಗಳು ಖಾಲಿ ಬೀಳುತ್ತವೆ. ಸುಮ್ಮನೆ ಬಿಟ್ಟರೆ ಅಲ್ಲಿ ಮೊದಲು ಕಸ ಬೀಳುತ್ತದೆ, ಆಮೇಲೆ ಗೋಡೆ ಏಳುತ್ತದೆ. ಅಮೆರಿಕದವರು 1983ರಲ್ಲಿ ಒಂದು ಕಾನೂನು ಮಾಡಿದರು: ರೈಲು ನಿಂತ ದಾರಿಯನ್ನು ತುಂಡು ಮಾಡಿ ಮಾರದೆ, ಮುಂದೊಂದು ದಿನ ರೈಲು ಬೇಕಾದರೆ ಬರಲಿ ಎಂದು ಉಳಿಸಿಕೊಂಡು, ಅಲ್ಲಿಯ ತನಕ ಜನರಿಗೆ ನಡೆಯಲು, ಸೈಕಲ್ ತುಳಿಯಲು ಬಿಡಬಹುದು. ಘಟ್ಟದ ರೈಲಿಗಾಗಿ ಹತ್ತು ವರ್ಷ ಕಾದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ರೈಲೂ ಬೇಕು, ದಾರಿಯೂ ಬೇಕು. ಎರಡಕ್ಕೂ ಜಗಳ ಇಲ್ಲ.

ನಮ್ಮ ವಾರ್ಡು ಸಭೆಗಳಲ್ಲಿ, ಜಮಾಅತ್ ಮೀಟಿಂಗುಗಳಲ್ಲಿ ಮದುವೆ, ಫೀಸು, ಆಸ್ಪತ್ರೆಯ ಮಾತು ಬರುತ್ತದೆ. ಮಕ್ಕಳು ಆಡುವ, ಹೆಂಗಸರು ಗಾಳಿಗೆ ಬರುವ ಜಾಗದ ಮಾತೂ ಬರಲಿ. ರವಿವಾರ ಬೆಳಗ್ಗೆ ಎರಡು ಗಂಟೆ ಒಂದು ಅಡ್ಡರಸ್ತೆಗೆ ವಾಹನ ಬಿಡಬೇಡಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಮೆಟ್ಟಿಲ ಕೆಳಗೆ ಈಗ ಮೂರು ಸೈಕಲ್. ಮನೆಯ ಓನರ್ ಒಮ್ಮೆ ಗೊಣಗಿದರು. ಕಳೆದ ವಾರ ಅವರ ಮೊಮ್ಮಗಳನ್ನೂ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋದೆವು. ಅವಳಿಗೆ ಪೆಡಲ್ ಬಿಚ್ಚಿಸಿ, ಸೀಟು ಇಳಿಸಿ ಕಲಿಸಿದ್ದು ನಾನಲ್ಲ. "ಉಪ್ಪಾ, ನೀವು ಕೂತ್ಕೊಳ್ಳಿ" ಎಂದು ನನ್ನನ್ನು ಬೆಂಚಿಗೆ ಕಳಿಸಿದ ನನ್ನ ಮಗಳು.